ಪ್ರಿಂಟ್ ಮಾಡಿದ ಚರ್ಮ ಬರೋವರೆಗೂ ಕಾಯಬೇಕಾ? ತಮ್ಮ ಎರಡನೇ ಆಪರೇಷನ್‌ಗೆ ಒಪ್ಪುತ್ತಿಲ್ಲ

ಕಬ್ಬಿನಗದ್ದೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ಮನೆ ಹಿಂದೆಯೇ ಆಲೆಮನೆ. ಸಂಕ್ರಾಂತಿ ಆಗಿ ಹತ್ತು ದಿನ ಕಳೆದಿತ್ತು. ಬೆಳಗಿನ ಜಾವ ಕೊಪ್ಪರಿಗೆಯಿಂದ ಪಾಕ ಇಳಿಸುವಾಗ ನನ್ನ ತಮ್ಮನ ಕಾಲು ಜಾರಿತು. ಬಲಗೈ, ಮೊಣಕೈಗಿಂತ ಒಂದು ಗೇಣು ಮೇಲಿನಿಂದ ಮಣಿಕಟ್ಟಿನವರೆಗೆ, ಪಾಕದಲ್ಲಿ ಅದ್ದಿ ತೆಗೆದ ಹಾಗಾಯಿತು. ಬಿಸಿನೀರಾದರೆ ಹರಿದು ಹೋಗುತ್ತೆ. ಪಾಕ ಅಂಟಿಕೊಂಡು ಅಲ್ಲೇ ಕೂತು ಸುಡುತ್ತೆ. ಅವನು ಕಿತ್ತು ತೆಗೆಯಲು ಹೋದ, ಜೊತೆಗೆ ಚರ್ಮವೂ ಬಂತು. ಯಾರೋ ಓಡಿ ಬಂದು ಟೂತ್‌ಪೇಸ್ಟ್ ಮೆತ್ತಿದರು. ಪಕ್ಕದಲ್ಲೇ ನೀರಿನ ತೊಟ್ಟಿ ಇತ್ತು. ಯಾರಿಗೂ ಹೊಳೆಯಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ತೊಡೆಯಿಂದ ಚರ್ಮ ತೆಗೆದು ಕೈಗೆ ಹಾಕಿದರು. ಕೈ ಉಳಿಯಿತು, ಅದಕ್ಕೆ ಅವರಿಗೆ ಕೈ ಮುಗಿಯಬೇಕು. ಆದರೆ ಈಗ ಮೊಣಕೈ ಮಡಚಿಕೊಂಡು ಬರುತ್ತಿದೆ, ನೆಟ್ಟಗೆ ಚಾಚಲು ಆಗುತ್ತಿಲ್ಲ. ಹಾಕಿದ ಚರ್ಮ ಮೀನಿನ ಬಲೆ ಥರ ಕಣ್ಣುಕಣ್ಣಾಗಿ ಕಾಣುತ್ತೆ. ಇನ್ನೊಂದು ಆಪರೇಷನ್ ಮಾಡಿ ಬಿಡಿಸಬೇಕು, ಮತ್ತೆ ಚರ್ಮ ಬೇಕಾಗುತ್ತೆ ಅಂದಿದ್ದಾರೆ.

ತಮ್ಮ ಸುತರಾಂ ಒಪ್ಪುತ್ತಿಲ್ಲ. "ಸುಟ್ಟಿದ್ದು ಕೈ, ತೊಡೆ ಯಾಕೆ ಸುಲಿದರು" ಅಂತಾನೆ. ಕೈಗಿಂತ ತೊಡೆ ನೋವೇ ಜಾಸ್ತಿ ಇತ್ತು, ಅದು ನಿಜ. ಮನೆ ಹತ್ತಿರದ ಒಂದು ಕಡೆ ಎರಡು ದಿನಕ್ಕೊಮ್ಮೆ ತೊಡೆಯ ಬ್ಯಾಂಡೇಜ್ ಬಿಚ್ಚಿ ಕಟ್ಟಿಸುತ್ತಿದ್ದೆವು. ಆ ಕೂಗು ನೆನೆಸಿಕೊಂಡರೆ ಈಗಲೂ ನನಗೆ ಮೈ ನಡುಗುತ್ತೆ.

ಈಗ ವಿಷಯಕ್ಕೆ ಬರುತ್ತೇನೆ. ಅವನು ಮೊಬೈಲಲ್ಲಿ ಒಂದು ವಿಡಿಯೋ ನೋಡಿದ್ದಾನೆ. ಮೆಷಿನ್ನು ಗಾಯದ ಮೇಲೆ ಹಿಂದೆ ಮುಂದೆ ಓಡಾಡಿ ಚರ್ಮ ಪ್ರಿಂಟ್ ಮಾಡುತ್ತೆ. "ಇದು ಬರಲಿ, ಆಗ ಮಾಡಿಸಿಕೊಳ್ಳುತ್ತೇನೆ" ಅಂತ ಕೂತಿದ್ದಾನೆ. ವಿಡಿಯೋ ಕೆಳಗೆ ನಂಬರ್ ಹಾಕಿ ಬಂದದ್ದಕ್ಕೆ ಒಬ್ಬರು ಫೋನ್ ಮಾಡಿದರು. ಮೂರೂವರೆ ಲಕ್ಷ ಆಗುತ್ತಂತೆ, ಐವತ್ತು ಸಾವಿರ ಮುಂಗಡ ಕಳಿಸಿದರೆ "ಸ್ಲಾಟ್ ಬುಕ್" ಮಾಡುತ್ತಾರಂತೆ. ಯಾವ ಆಸ್ಪತ್ರೆ ಅಂದರೆ ಆಮೇಲೆ ಹೇಳುತ್ತೇವೆ ಅಂದರು.

ಇದು ನಿಜವಾಗಿ ಇದೆಯಾ? ನಮ್ಮಲ್ಲಿ ಮಾಡುತ್ತಾರಾ? ಕಾದರೆ ಎಷ್ಟು ವರ್ಷ ಕಾಯಬೇಕು? ಗೊತ್ತಿರುವವರು ಹೇಳಿ.

ಬೈಕ್‌ರಾಜ:

ಅಕ್ಕಾ, ನಾನೂ ಆ ವಿಡಿಯೋ ನೋಡಿದ್ದೇನೆ. ಫಾರಿನ್‌ನಲ್ಲಿ ಎಲ್ಲ ಆಸ್ಪತ್ರೆಗಳಲ್ಲೂ ಬಂದುಬಿಟ್ಟಿದೆ. ಬೆಂಗಳೂರಿಗೂ ಬಂದೇ ಇರುತ್ತೆ. ದುಡ್ಡು ಮಾತ್ರ ಕಳಿಸಬೇಡಿ.

ಧಾರವಾಡದ ಕೆನೆಮೊಸರು:

ಅಕ್ಕ, ಮೊದಲು ಒಂದು ಮಾತು. ಬೈಕ್‌ರಾಜ ಹೇಳಿದ ಕೊನೇ ವಾಕ್ಯ ಮಾತ್ರ ಸರಿ. ಒಂದು ರೂಪಾಯಿಯೂ ಕಳಿಸಬೇಡಿ. ಪ್ರಿಂಟ್ ಮಾಡಿದ ಚರ್ಮವನ್ನು ಇವತ್ತು ನಮ್ಮ ದೇಶದ ಯಾವ ಆಸ್ಪತ್ರೆಯೂ ರೇಟ್ ಹಾಕಿ ಮಾರುವ ಸ್ಥಿತಿಯಲ್ಲಿ ಇಲ್ಲ. ಆಸ್ಪತ್ರೆ ಹೆಸರು ಆಮೇಲೆ ಹೇಳುತ್ತೇವೆ ಅಂದವರು ಆಮೇಲೆ ಫೋನೂ ಎತ್ತುವುದಿಲ್ಲ.

ನಾನು ಯಾಕೆ ಇಷ್ಟು ಖಡಕ್ಕಾಗಿ ಹೇಳುತ್ತಿದ್ದೇನೆ ಅಂದರೆ, ಐದು ವರ್ಷ ನಾನು ಮಾಡಿದ್ದು ಇದೇ ಕೆಲಸ. ಪಿಎಚ್‌ಡಿ, ಹೊರದೇಶದ ಒಂದು ಲ್ಯಾಬ್. ಡಾಕ್ಟರ್ ಅಲ್ಲ, ಗಾಯ ನೋಡಿ ಹೇಳುವ ಅಧಿಕಾರ ನನಗಿಲ್ಲ. ಆದರೆ ಆ ಮೆಷಿನ್ನಿನ ಒಳಗೆ ಏನು ಹೋಗುತ್ತೆ, ಏನು ಹೊರಗೆ ಬರುತ್ತೆ ಅನ್ನುವುದು ಗೊತ್ತು.

ವಿಡಿಯೋದಲ್ಲಿ ಪ್ರಿಂಟ್ ಆಗುವುದು ಅರ್ಧ ಗಂಟೆ. ಅದರ ಹಿಂದಿನ ಒಂದು ತಿಂಗಳನ್ನು ಯಾರೂ ತೋರಿಸುವುದಿಲ್ಲ.

ಮೊದಲು ಅಂಚೆಚೀಟಿಯಷ್ಟು ಚರ್ಮ ಬೇಕು. ಅದನ್ನು ಒಂದು ಕಿಣ್ವದಲ್ಲಿ ನೆನೆಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಡುತ್ತೇವೆ. ಬೆಳಿಗ್ಗೆ ಚಿಮಟದಿಂದ ಅಂಚು ಹಿಡಿದರೆ ಮೇಲ್ಪದರ ಹಾಲಿನ ಕೆನೆ ಥರ ಎದ್ದು ಬರುತ್ತೆ. ನನ್ನ ಇಲ್ಲಿನ ಹೆಸರು ಬಂದದ್ದು ಅಲ್ಲಿಂದಲೇ. ಆ ಕೆನೆಯಿಂದ ಕೆರಾಟಿನೋಸೈಟ್ ಅನ್ನುವ ಕೋಶಗಳು ಸಿಗುತ್ತವೆ. ಕೆಳಗೆ ಉಳಿಯುವ ದಪ್ಪ ಪದರದಿಂದ ಫೈಬ್ರೋಬ್ಲಾಸ್ಟ್ ಅನ್ನುವ ಕೋಶಗಳು ಸಿಗುತ್ತವೆ. ಎರಡನ್ನೂ ಬೇರೆ ಬೇರೆ ಬಾಟಲಿಗಳಲ್ಲಿ ಸಾಕಬೇಕು. ಸಾಕುವುದು ಅಂತಲೇ ಹೇಳಬೇಕು, ದನ ಸಾಕಿದ ಹಾಗೆ. ಎರಡು ಮೂರು ದಿನಕ್ಕೊಮ್ಮೆ ಅವುಗಳ ನೀರು ಬದಲಿಸಬೇಕು. ರೂಹಫ್ಜಾ ಬಣ್ಣದ ನೀರು, ಹಳದಿಯಾದರೆ ಹಸಿವಾಗಿದೆ ಅಂತ ಅರ್ಥ. ದೀಪಾವಳಿ, ಅಕ್ಕನ ಮದುವೆ ನಿಶ್ಚಿತಾರ್ಥ, ಎಲ್ಲ ಆ ಬಾಟಲಿಗಳ ಮುಂದೆಯೇ ಕಳೆದವು.

ಕೋಶ ಸಾಕುವ ಈ ವಿದ್ಯೆ ಹೊಸದೇನಲ್ಲ. 1975ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹೋವರ್ಡ್ ಗ್ರೀನ್, ಜೇಮ್ಸ್ ರೈನ್‌ವಾಲ್ಡ್ ದಾರಿ ತೋರಿಸಿದರು. 1983ರಲ್ಲಿ ಬಾಸ್ಟನ್‌ನ ಆಸ್ಪತ್ರೆಗೆ ಇಬ್ಬರು ಪುಟ್ಟ ಅಣ್ಣತಮ್ಮಂದಿರು ಬಂದರು. ಮೈಯ ಶೇ 95ಕ್ಕಿಂತ ಜಾಸ್ತಿ ಸುಟ್ಟಿತ್ತು. ತೆಗೆದು ಹಾಕಲು ಚರ್ಮವೇ ಇರಲಿಲ್ಲ. ಉಳಿದಿದ್ದ ಚೂರಿನಿಂದ ಹಾಳೆ ಹಾಳೆಯಾಗಿ ಬೆಳೆಸಿ ಹೊದಿಸಿದರು. ಇಬ್ಬರೂ ಬದುಕಿದರು. ಚರ್ಮದ ಪ್ರಿಂಟರ್ ಅನ್ನುವುದೇ ಇಲ್ಲದ ಕಾಲ ಅದು.

ಹಾಗಾದರೆ ಪ್ರಿಂಟರ್ ಯಾಕೆ ಬೇಕು? ಆ ಹಾಳೆ ಬರೀ ಮೇಲ್ಪದರ. ತೀರಾ ತೆಳ್ಳಗೆ, ಉಜ್ಜಿದರೆ ಗುಳ್ಳೆ ಏಳುತ್ತೆ. ನಮ್ಮ ಚರ್ಮಕ್ಕೆ ಗಟ್ಟಿತನ ಕೊಡುವುದು ಕೆಳಗಿನ ಪದರ, ಡರ್ಮಿಸ್. ಮೇಲಿನದು ಕಾಗದದ ಹಾಳೆಯಷ್ಟು ತೆಳು, ಕೆಳಗಿನದು ಒಂದೆರಡು ಮಿಲಿಮೀಟರ್ ದಪ್ಪ. ಎರಡನ್ನೂ ಸರಿಯಾದ ಜಾಗದಲ್ಲಿ ಸರಿಯಾದ ಕೋಶದ ಜೊತೆ ಕೂರಿಸಲು ಪ್ರಿಂಟರ್.

ಮೆಷಿನ್ನು ಅಂದರೆ ದೊಡ್ಡ ಮಾಯೆ ಏನಲ್ಲ. ಚಕ್ಕುಲಿ ಒರಳು ನೆನೆಸಿಕೊಳ್ಳಿ. ಜೆಲಾಟಿನ್, ಕೊಲ್ಯಾಜೆನ್, ಫೈಬ್ರಿನೋಜನ್ ಇಂಥವುಗಳ ಲೋಳೆಯಲ್ಲಿ ಕೋಶಗಳನ್ನು ಕಲಸಿ ಒತ್ತುತ್ತೇವೆ. ಅದಕ್ಕೆ ಬಯೋಇಂಕ್ ಅಂತ ಹೆಸರು. ಜೋರಾಗಿ ಒತ್ತಿದರೆ ಸೂಜಿಯ ಬಾಯಲ್ಲೇ ಕೋಶಗಳು ನಜ್ಜುಗುಜ್ಜು. ಮೆಲ್ಲಗೆ ಒತ್ತಿದರೆ ಇಂಕು ಬರುವುದಿಲ್ಲ. ಹಿಟ್ಟು ಗಟ್ಟಿಯಾದರೂ ಕಷ್ಟ, ನೀರಾದರೂ ಕಷ್ಟ, ಅಮ್ಮನಿಗೆ ಇದನ್ನು ವಿವರಿಸಿದಾಗ ಒಂದೇ ನಿಮಿಷದಲ್ಲಿ ಅರ್ಥವಾಯಿತು, ನನ್ನ ಗೈಡಿಗೆ ಎರಡು ವರ್ಷ ಬೇಕಾಯಿತು.

ನಿಜವಾಗಿ ಎಲ್ಲಿಗೆ ಬಂದಿದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಮ್ಯಾಡ್ರಿಡ್‌ನವರು 100 ಚದರ ಸೆಂಟಿಮೀಟರ್ ಚರ್ಮವನ್ನು 35 ನಿಮಿಷದೊಳಗೆ ಪ್ರಿಂಟ್ ಮಾಡಿ ತೋರಿಸಿದರು. ಟೊರಾಂಟೋದವರು 2018ರಲ್ಲಿ ಕೈಯಲ್ಲೇ ಹಿಡಿಯುವ ಒಂದು ಯಂತ್ರ ತೋರಿಸಿದರು, ಒಂದು ಕೆಜಿಯೂ ತೂಗುವುದಿಲ್ಲ, ರಟ್ಟಿನ ಡಬ್ಬಕ್ಕೆ ಟೇಪ್ ಎಳೆದ ಹಾಗೆ ಗಾಯದ ಮೇಲೆ ಎಳೆಯುವುದು. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದವರ ಯಂತ್ರ ಮೊದಲು ಗಾಯದ ಆಳ ಅಗಲ ಸ್ಕ್ಯಾನ್ ಮಾಡಿ ಆಮೇಲೆ ಪ್ರಿಂಟ್ ಮಾಡುತ್ತೆ. 2019ರಲ್ಲಿ ಅವರು ವರದಿ ಮಾಡಿದ್ದು ಇಲಿ ಮತ್ತು ಹಂದಿಗಳ ಮೇಲಿನ ಫಲಿತಾಂಶ. ನಿಮ್ಮ ತಮ್ಮ ನೋಡಿದ ವಿಡಿಯೋ ಇದೇ ಇರಬಹುದು. ಮನುಷ್ಯರ ಮೇಲೆ ಪರೀಕ್ಷೆ ಈಗಷ್ಟೇ ಶುರು. ಸಿಡ್ನಿಯ ಕಾನ್ಕಾರ್ಡ್ ಆಸ್ಪತ್ರೆಯಲ್ಲಿ ರೋಗಿಯ ಕೋಶಗಳನ್ನು ನೇರವಾಗಿ ಗಾಯದ ಮೇಲೆ ಪ್ರಿಂಟ್ ಮಾಡುವ ಪರೀಕ್ಷೆ ನಡೆದಿದೆ. ಪರೀಕ್ಷೆ ಅಂದರೆ ಪರೀಕ್ಷೆ, ಚಿಕಿತ್ಸೆ ಅಲ್ಲ. ಅದಕ್ಕೆ ರೋಗಿಯಿಂದ ದುಡ್ಡು ತಗೊಂಡು ಸ್ಲಾಟ್ ಕೊಡುವುದಿಲ್ಲ.

ಈಗ ನಿಮ್ಮ ತಮ್ಮನ ಕೈ. ಇದನ್ನು ಅವನಿಗೇ ಓದಿ ಹೇಳಿ.

ನನ್ನ ಮೊದಲ ಒಳ್ಳೆಯ ಪ್ರಿಂಟು ಬಂದದ್ದು ಎರಡನೇ ವರ್ಷ. ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಬಿಲ್ಲೆ, ಕೊಲ್ಯಾಜೆನ್ ಒಳಗೆ ಫೈಬ್ರೋಬ್ಲಾಸ್ಟ್. ಫೋಟೋ ತೆಗೆದು ಮನೆಗೆ ಕಳಿಸಿದೆ. ಎರಡು ದಿನ ಬಿಟ್ಟು ನೋಡಿದರೆ ಅಂಗಿ ಗುಂಡಿಯಷ್ಟಾಗಿ ಮುದುಡಿತ್ತು. ನಾನು ಏನೋ ತಪ್ಪು ಮಾಡಿದೆ ಅಂದುಕೊಂಡೆ. ತಪ್ಪಾಗಿರಲಿಲ್ಲ. ಫೈಬ್ರೋಬ್ಲಾಸ್ಟ್‌ಗಳ ಸ್ವಭಾವವೇ ಅದು. ಸುತ್ತಲಿನ ನಾರನ್ನು ಹಿಡಿದು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ಗಾಯ ಬೇಗ ಮುಚ್ಚಲಿ ಅಂತ ಪ್ರಕೃತಿ ಕೊಟ್ಟ ಬುದ್ಧಿ. ನಿಮ್ಮ ತಮ್ಮನ ಮೊಣಕೈಯನ್ನು ಎಳೆಯುತ್ತಿರುವುದೂ ಅವೇ ಕೋಶಗಳು. ತೆಳುವಾದ ಗ್ರಾಫ್ಟ್, ಅಂದರೆ ಬೇರೆ ಕಡೆಯಿಂದ ತೆಗೆದ ಚರ್ಮ, ಹಾಕಿದ ಕಡೆ ಡರ್ಮಿಸ್ ಕಮ್ಮಿ ಇರುತ್ತೆ, ಅಲ್ಲಿ ಎಳೆತ ಜಾಸ್ತಿ. ದಪ್ಪ ಚರ್ಮ ಇದ್ದಲ್ಲಿ ಎಳೆತ ಕಮ್ಮಿ.

ಅಂದರೆ ಅವನಿಗೆ ಬೇಕಾಗಿರುವುದು "ಹೊಸ ಚರ್ಮ" ಅನ್ನುವುದಕ್ಕಿಂತ "ದಪ್ಪ ಚರ್ಮ". ಪ್ರಿಂಟರ್ ಇನ್ನೂ ತಡಕಾಡುತ್ತಿರುವುದೂ ಅಲ್ಲೇ. ದಪ್ಪ ಮಾಡಿದರೆ ಒಳಗಿನ ಕೋಶಗಳಿಗೆ ರಕ್ತ ತಲುಪುವುದಿಲ್ಲ, ಸಾಯುತ್ತವೆ. ಕೂದಲೆಳೆಯ ದಪ್ಪ ಎಷ್ಟೋ ಅದರ ಒಂದೆರಡು ಪಟ್ಟು ದೂರದವರೆಗೆ ಮಾತ್ರ ಆಮ್ಲಜನಕ ತಾನಾಗಿ ಇಳಿಯುತ್ತೆ. ಅದಕ್ಕಿಂತ ಆಚೆ ರಕ್ತನಾಳ ಬೇಕೇ ಬೇಕು. ಅದನ್ನೂ ಪ್ರಿಂಟ್ ಮಾಡಲು ಪ್ರಯತ್ನ ನಡೆದಿದೆ. 2019ರಲ್ಲಿ ಅಮೆರಿಕದಲ್ಲಿ ಪಂಕಜ್ ಕರಾಂಡೆ ಅವರ ತಂಡ ರಕ್ತನಾಳದ ಕೋಶ ಸೇರಿಸಿ ಪ್ರಿಂಟ್ ಮಾಡಿದ ಚರ್ಮವನ್ನು ಇಲಿಗೆ ಹಾಕಿದಾಗ ಇಲಿಯ ನಾಳಗಳು ಅದರೊಳಗೆ ಕೂಡಿಕೊಂಡವು. ಆದರೆ ಇಲಿಯ ಬೆನ್ನು ಎಲ್ಲಿ, ಆಲೆಮನೆ ಕೆಲಸ ಮಾಡುವ ಮೊಣಕೈ ಎಲ್ಲಿ!

ಎಷ್ಟು ವರ್ಷ ಅಂತ ಕೇಳಿದ್ದೀರಿ. ಆ ಲೆಕ್ಕ ನಾನು ಹೇಳುವುದಿಲ್ಲ. ಅವನ ಕೀಲು ಅಷ್ಟು ದಿನ ಕಾಯುವುದಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಹಳೇಪುಟ:

ವಿಷಯಾಂತರಕ್ಕೆ ಕ್ಷಮಿಸಿ, ಆದರೆ ಪಾಂಡವಪುರ ಅಂದಾಗ ತಡೆಯಲಾಗಲಿಲ್ಲ. ಜಗತ್ತಿನ ಪ್ಲಾಸ್ಟಿಕ್ ಸರ್ಜರಿಯ ಕಥೆಯ ಒಂದು ತುದಿ ನಿಮ್ಮ ಕಡೆಯೇ ಇದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಅನ್ನುವವನನ್ನು ಟಿಪ್ಪುವಿನ ಕಡೆಯವರು ಹಿಡಿದು ಮೂಗು ಕತ್ತರಿಸಿದರು. ಆಮೇಲೆ ಪುಣೆ ಕಡೆಯ ಒಬ್ಬ ದೇಸಿ ಕಸುಬುದಾರ ಹಣೆಯ ಚರ್ಮ ಬಿಡಿಸಿ, ಕೆಳಗೆ ತಿರುಗಿಸಿ, ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಮೇತ ಬಂತು. ಅದನ್ನು ಓದಿಕೊಂಡೇ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಮಾಡಿದ.

ಧಾರವಾಡದ ಕೆನೆಮೊಸರು:

ವಿಷಯಾಂತರ ಅಲ್ಲವೇ ಅಲ್ಲ! ಆ ಕಸುಬುದಾರ ಹಣೆಯ ಚರ್ಮವನ್ನು ಪೂರ್ತಿ ಕತ್ತರಿಸಿ ತೆಗೆಯಲಿಲ್ಲ. ಹುಬ್ಬುಗಳ ನಡುವೆ ಒಂದು ಕಡೆ ಅಂಟಿಕೊಂಡೇ ಇರಲು ಬಿಟ್ಟ. ರಕ್ತ ಅಲ್ಲಿಂದ ಬರುತ್ತಲೇ ಇತ್ತು. ನಾವು ಕೋಟಿಗಟ್ಟಲೆ ಖರ್ಚು ಮಾಡಿ ಹುಡುಕುತ್ತಿರುವುದು ಅದನ್ನೇ.

ನಿವೃತ್ತ ಸಿಸ್ಟರ್:

ಕಬ್ಬಿನಗದ್ದೆ ತಾಯಿ, ನಾನು ಸರ್ಕಾರಿ ಆಸ್ಪತ್ರೆಯಲ್ಲಿ 26 ವರ್ಷ ಇದ್ದವಳು, ಅದರಲ್ಲಿ 11 ವರ್ಷ ಬರ್ನ್ಸ್ ವಾರ್ಡು. ಟೈಪ್ ಮಾಡಲು ಮೊಮ್ಮಗಳು ಸಹಾಯ ಮಾಡುತ್ತಿದ್ದಾಳೆ.

ಪ್ರಿಂಟರ್ ವಿಷಯ ಆ ಹುಡುಗ ಚೆನ್ನಾಗಿ ಹೇಳಿದ. ನನ್ನ ಕಣ್ಣು ಬಿದ್ದದ್ದು ನೀವು ಹೇಳಿದ ಒಂದೇ ಒಂದು ಮಾತಿನ ಮೇಲೆ. ತೊಡೆಯ ಬ್ಯಾಂಡೇಜನ್ನು ಎರಡು ದಿನಕ್ಕೊಮ್ಮೆ ಬಿಚ್ಚಿಸಿದೆವು ಅಂದಿರಲ್ಲ, ಯಾರು ಹೇಳಿದ್ದು ಹಾಗೆ?

ಚರ್ಮ ತೆಗೆದ ಜಾಗದಲ್ಲಿ ನರದ ತುದಿಗಳೆಲ್ಲ ಬಯಲಾಗಿರುತ್ತವೆ. ಅದಕ್ಕೇ ಆ ಉರಿ. ಒಳಗಿನ ಪದರದ ಪಟ್ಟಿ ಗಾಯಕ್ಕೆ ಅಂಟಿಕೊಂಡು ಕೂತಿರುತ್ತೆ, ಅದನ್ನು ಮುಟ್ಟಬಾರದು. ಕೀವಾಗಿ ವಾಸನೆ ಬಂದರೆ, ಜ್ವರ ಬಂದರೆ ಮಾತ್ರ ಬಿಚ್ಚಿ ನೋಡುತ್ತೇವೆ. ಇಲ್ಲದಿದ್ದರೆ ಎರಡು ವಾರಕ್ಕೆ ಕೆಳಗೆ ಹೊಸ ಚರ್ಮ ಬಂದು, ಪಟ್ಟಿ ಒಣಗಿದ ಹಕ್ಕಳೆ ಥರ ತಾನಾಗಿ ಬಿಡುತ್ತೆ. ಎರಡು ದಿನಕ್ಕೊಮ್ಮೆ ಕಿತ್ತರೆ ಬಂದ ಹೊಸ ಚರ್ಮವನ್ನೂ ಕಿತ್ತ ಹಾಗೆ. ನಿಮ್ಮ ತಮ್ಮ ಕೂಗಿದ್ದು ಆಪರೇಷನ್ನಿನ ನೋವಿಗಲ್ಲ ಕಣಮ್ಮ, ಆ ಡ್ರೆಸ್ಸಿಂಗಿನ ನೋವಿಗೆ. ಅವನಿಗೆ ಇದನ್ನು ಹೇಳಿ. ಈ ಸಲ ಡಾಕ್ಟರ ಹತ್ತಿರ ಮೊದಲೇ ಕೇಳಿ, ತೆಗೆಯುವ ಜಾಗಕ್ಕೂ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೀರಾ, ಪಟ್ಟಿ ಯಾವಾಗ ಯಾರು ಬಿಚ್ಚಬೇಕು ಅಂತ. ಚೀಟಿಯಲ್ಲಿ ಬರೆಸಿಕೊಳ್ಳಿ.

ನಮ್ಮ ವಾರ್ಡಿನಲ್ಲಿ ಅಂಟದಿರಲಿ ಅಂತ ಬಾಳೆ ಎಲೆ ಹಾಕುತ್ತಿದ್ದೆವು. ಶುದ್ಧ ಮಾಡಿದ ಎಲೆಯ ನುಣುಪು ಬದಿ ಗಾಯಕ್ಕೆ. ಹೊಸದಾಗಿ ಬಂದ ಡಾಕ್ಟರುಗಳು ನಗುತ್ತಿದ್ದರು. ಡ್ರೆಸ್ಸಿಂಗ್ ಬಿಚ್ಚುವಾಗ ರೋಗಿ ಕಿರುಚಲಿಲ್ಲ ಅಂದಮೇಲೆ ನಗು ನಿಂತಿತು. ಮುಂಬೈಯಲ್ಲಿ ಬೇಯಿಸಿದ ಆಲೂಗಡ್ಡೆ ಸಿಪ್ಪೆಯನ್ನು ಬ್ಯಾಂಡೇಜಿಗೆ ಅಂಟಿಸಿ ಹಾಕುತ್ತಿದ್ದರು. ಸುಮ್ನೆ ಮನೆಯಲ್ಲಿ ಮಾಡಲು ಹೋಗಬೇಡಿ ಮತ್ತೆ, ಶುದ್ಧ ಮಾಡದಿದ್ದರೆ ಕೀವಾಗುತ್ತೆ.

ಇನ್ನು ಕೈ. ಬಿಗಿ ತೋಳಿನ ಗವಸು ಕೊಟ್ಟಿದ್ದಾರಾ? ಅದನ್ನು ಸ್ನಾನದ ಹೊತ್ತು ಬಿಟ್ಟು ಹಗಲೂ ರಾತ್ರಿ ಹಾಕಬೇಕು, ತಿಂಗಳುಗಟ್ಟಲೆ. ಬೇಸಿಗೆಯಲ್ಲಿ ಕಿತ್ತೆಸೆಯುವ ಹಾಗಾಗುತ್ತೆ, ಗೊತ್ತು. ರಾತ್ರಿ ಮೊಣಕೈ ನೆಟ್ಟಗಿಡುವ ಪಟ್ಟಿ ಕಟ್ಟಬೇಕು. ಕೊಬ್ಬರಿ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕಬೇಕು. ಆ ಹುಡುಗ ಹೇಳಿದ ಎಳೆಯುವ ಕೋಶಗಳು ಇದಾವಲ್ಲ, ಅವಕ್ಕೆ ಎದುರಾಗಿ ನಾವೂ ದಿನಾ ಎಳೆಯುತ್ತಿರಬೇಕು. ಅಷ್ಟೇ ವಿದ್ಯೆ.

ಒಂದು ಕೆಲಸ ಮಾಡಿಸಿ. ಬಾಗಿಲ ಚೌಕಟ್ಟಿಗೆ ಒರಗಿ ನೆಟ್ಟಗೆ ನಿಲ್ಲಿಸಿ, ಕೈ ಜೋತುಬಿಡಲು ಹೇಳಿ. ಬೆರಳ ತುದಿ ಎಲ್ಲಿಗೆ ಬರುತ್ತೋ ಅಲ್ಲಿ ಪೆನ್ಸಿಲ್ ಗೀಟು ಹಾಕಿ. ಎರಡೂ ಕೈಗೆ. ವಾರಕ್ಕೊಮ್ಮೆ ಹಾಕಿ, ತಾರೀಖು ಬರೆಯಿರಿ. ಬಲಗೈ ಗೀಟು ಮೇಲೆ ಮೇಲೆ ಹೋಗುತ್ತಿದ್ದರೆ ಆಪರೇಷನ್ ಮುಂದೂಡಬೇಡಿ.

ಖರ್ಚಿನ ಬಗ್ಗೆ, ಬಿಪಿಎಲ್ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲು ಕಾಣಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಏನೇನು ಬರುತ್ತೆ ಅಂತ ಅವರು ಹೇಳುತ್ತಾರೆ.

ಕಬ್ಬಿನಗದ್ದೆ:

ಸಿಸ್ಟರ್, ಕಣ್ಣಲ್ಲಿ ನೀರು ಬಂತು. ಯಾರೂ ನಮಗೆ ಹೇಳಿರಲಿಲ್ಲ. ದಿನಾ ಬದಲಾಯಿಸಿದಷ್ಟೂ ಒಳ್ಳೆಯದು ಅಂದುಕೊಂಡು ನಾನೇ ಕರೆದುಕೊಂಡು ಹೋಗುತ್ತಿದ್ದೆ.

ಗವಸು ಕೊಟ್ಟಿದ್ದರು. ಬೇಸಿಗೆಯಲ್ಲಿ ಬಿಚ್ಚಿಟ್ಟವನು ಮತ್ತೆ ಹಾಕಿಲ್ಲ.

ತಮ್ಮ ಪಕ್ಕದಲ್ಲೇ ಕೂತು ಎಲ್ಲ ಓದಿಸಿಕೊಂಡ. ಮೂರು ಪ್ರಶ್ನೆ ಕೇಳುತ್ತಿದ್ದಾನೆ. ಒಂದು, ಸತ್ತವರ ಚರ್ಮ ಹಾಕುತ್ತಾರಂತಲ್ಲ, ಅದನ್ನು ಹಾಕಿಸಿಕೊಂಡರೆ ತೊಡೆ ಉಳಿಯುತ್ತಲ್ವಾ? ಎರಡು, ಪ್ರಿಂಟ್ ಮಾಡಿದ ಚರ್ಮ ಬೆವರುತ್ತಾ? ಅವನ ಕೈ ಈಗ ಬೆವರುವುದಿಲ್ಲ, ಒಲೆ ಮುಂದೆ ನಿಂತರೆ ಉರಿಯುತ್ತೆ ಅಂತಾನೆ. ಮೂರನೆಯದು ಕೇಳಲು ನನಗೇ ನಗು. ಧಾರವಾಡದ ಅಣ್ಣ ಸಾಕಿದ ಕೋಶಗಳು ಯಾರವು?

ನಿವೃತ್ತ ಸಿಸ್ಟರ್:

ಸತ್ತವರ ಚರ್ಮ ನಿಲ್ಲುವುದಿಲ್ಲಪ್ಪ. ಎರಡು ಮೂರು ವಾರಕ್ಕೆ ಮೈ ಅದನ್ನು ದೂಡಿಬಿಡುತ್ತೆ. ಮೈಯೆಲ್ಲ ಸುಟ್ಟು ಸ್ವಂತ ಚರ್ಮ ತೆಗೆಯಲು ಜಾಗವೇ ಇಲ್ಲದವರಿಗೆ ಅದು ತಾತ್ಕಾಲಿಕ ಹೊದಿಕೆ. ಅಷ್ಟರಲ್ಲಿ ಜೀವ ಉಳಿಯುತ್ತೆ. ನಿನ್ನ ಮೊಣಕೈಗೆ ಅದು ಉಪಯೋಗವಿಲ್ಲ.

ಆದರೆ ಆ ಚರ್ಮದ ಬೆಲೆ ನನಗೆ ಗೊತ್ತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಿಂದ ಚರ್ಮದ ಬ್ಯಾಂಕ್ ಇದೆ. ತೀರಿಕೊಂಡ ಆರು ಗಂಟೆಯೊಳಗೆ ತೆಗೆಯಬೇಕು. ತೊಡೆ, ಬೆನ್ನಿನಿಂದ ತೆಳ್ಳಗೆ ತೆಗೆಯುತ್ತಾರೆ, ರಕ್ತ ಸುರಿಯುವುದಿಲ್ಲ, ದೇಹ ವಿಕಾರ ಆಗುವುದಿಲ್ಲ, ಬಟ್ಟೆ ಉಡಿಸಿದರೆ ಗೊತ್ತೂ ಆಗುವುದಿಲ್ಲ. ಗ್ಲಿಸರಿನ್‌ನಲ್ಲಿಟ್ಟರೆ ಐದು ವರ್ಷದವರೆಗೂ ಇರುತ್ತೆ. ಕಣ್ಣು ಕೊಡುತ್ತೇವೆ ಅನ್ನುವವರೂ ಚರ್ಮ ಅಂದ ತಕ್ಷಣ ಹಿಂದೆ ಸರಿಯುತ್ತಾರೆ. ನಮ್ಮ ಯಜಮಾನರು ಹೋದಾಗ ನಾನು ಕೊಟ್ಟೆ. ಅತ್ತಿಗೆ ಎರಡು ವರ್ಷ ಮಾತು ಬಿಟ್ಟಿದ್ದರು.

ಧಾರವಾಡದ ಕೆನೆಮೊಸರು:

ತಮ್ಮಾ, ಬೆವರು ಬರುವುದಿಲ್ಲ. ಇವತ್ತು ಪ್ರಿಂಟ್ ಆಗುವ ಚರ್ಮದಲ್ಲಿ ಬೆವರಿನ ಗ್ರಂಥಿ ಇಲ್ಲ, ಕೂದಲಿನ ಬುಡ ಇಲ್ಲ. ಬಣ್ಣ ಕೊಡುವ ಕೋಶ ಬೆರೆಸಬಹುದು, ಆದರೆ ಸುತ್ತಲಿನ ಬಣ್ಣಕ್ಕೆ ಹೊಂದುವ ಹಾಗೆ ಕೂರಿಸುವುದು ಕಷ್ಟ. ಒಲೆ ಮುಂದಿನ ಉರಿಗೆ ನೀನು ಕಾಯುತ್ತಿರುವ ಮೆಷಿನ್ನಿನ ಹತ್ತಿರವೂ ಸದ್ಯಕ್ಕೆ ಉತ್ತರ ಇಲ್ಲ.

ಇನ್ನೊಂದು ವಿಷಯ ಕೇಳು. ನಿನಗೆ ನಗು ಬರಬಹುದು ಅಥವಾ ಸಿಟ್ಟು. ಪ್ರಿಂಟ್ ಮಾಡಿದ ಚರ್ಮ ಇವತ್ತು ಜಾಸ್ತಿ ಖರ್ಚಾಗುವುದು ಗಾಯಕ್ಕಲ್ಲ, ಕ್ರೀಮಿಗೆ. ಯುರೋಪಿನಲ್ಲಿ 2013ರ ಹೊತ್ತಿಗೆ, ನಮ್ಮಲ್ಲಿ 2014ರಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು ನಿಂತಿತು. ಹಾಗಾಗಿ ಕಂಪನಿಗಳಿಗೆ ಪರೀಕ್ಷೆಗೆ ಚರ್ಮ ಬೇಕು. ಲೋರಿಯಾಲ್ 2015ರಲ್ಲೇ ಪ್ರಿಂಟಿಂಗ್ ಕಂಪನಿಯೊಂದರ ಜೊತೆ ಕೈಜೋಡಿಸಿತು. ದೆಹಲಿ ಐಐಟಿಯ ಸೌರಭ್ ಘೋಷ್ ಅವರ ತಂಡವೂ ಇಂಥ ಪರೀಕ್ಷೆಗೆ ಆಗುವ ಚರ್ಮ ಪ್ರಿಂಟ್ ಮಾಡಿದೆ. ಗಾಯಕ್ಕೆ ಹಾಕುವ ಚರ್ಮ ಬದುಕಿ ಬಾಳಬೇಕು. ಕ್ರೀಮು ಪರೀಕ್ಷೆಯ ಚರ್ಮ ಒಂದೆರಡು ವಾರ ಇದ್ದರೆ ಸಾಕು. ಕಷ್ಟ ಕಮ್ಮಿ, ಕಾಸು ಜಾಸ್ತಿ. ನಾನು ಈ ಕೆಲಸ ಬಿಟ್ಟದ್ದಕ್ಕೆ ಅದೂ ಒಂದು ಕಾರಣ.

ನಮ್ಮಲ್ಲೂ ಗಾಯಕ್ಕಾಗಿಯೇ ಕೆಲಸ ಮಾಡುವವರು ಇದ್ದಾರೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯವರು ಹಂದಿಯ ಪಿತ್ತಕೋಶದಿಂದ ಕೋಶಗಳನ್ನೆಲ್ಲ ತೊಳೆದು ತೆಗೆದು, ಉಳಿದ ನಾರಿನ ಹಂದರದಿಂದ ಕೋಲಿಡರ್ಮ್ ಅನ್ನುವ ಹೊದಿಕೆ ಮಾಡಿದ್ದಾರೆ. 2023ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಪ್ರಿಂಟರ್ ಇಲ್ಲ, ವಿಡಿಯೋ ಇಲ್ಲ, ಅದಕ್ಕೇ ವಾಟ್ಸಾಪಿನಲ್ಲಿ ಓಡಾಡುವುದಿಲ್ಲ. ಹಂದರ ಹಾಕಿ ಅದರ ಮೇಲೆ ತೆಳು ಗ್ರಾಫ್ಟ್ ಹಾಕುವ ಪದ್ಧತಿಯೂ ಇದೆ. ನಿನಗೆ ಅದು ಸರಿಹೊಂದುತ್ತಾ ಅಂತ ನಿನ್ನ ಸರ್ಜನ್ ಹೇಳಬೇಕು. ಕೇಳು, ನಾಚಿಕೆ ಪಡಬೇಡ.

ಮೂರನೇ ಪ್ರಶ್ನೆ. ಹೊಟ್ಟೆ ಕರಗಿಸುವ ಆಪರೇಷನ್ ಮಾಡಿಸಿಕೊಂಡವರು ಬಿಟ್ಟುಹೋದ ಚರ್ಮ ಕೆಲವು. ಉಳಿದವು ಸುನ್ನತಿ ಮಾಡಿದ ಮಕ್ಕಳದ್ದು. ತಂದೆತಾಯಿ ಸಹಿ ಹಾಕಿ ಕೊಟ್ಟದ್ದು. ಮಕ್ಕಳ ಕೋಶಗಳು ಬಲು ಚುರುಕು. ನಮ್ಮ ಅಜ್ಜಿಗೆ ಇದನ್ನು ಹೇಳಿದಾಗ ಒಂದು ವಾರ ನನ್ನ ಕೈಯಿಂದ ನೀರು ತಗೊಳ್ಳಲಿಲ್ಲ.

ಬೈಕ್‌ರಾಜ:

ಇನ್ನು ಮೇಲೆ ಪೂರ್ತಿ ಗೊತ್ತಿಲ್ಲದೆ ಕಮೆಂಟ್ ಹಾಕಲ್ಲ 🙏 ಸಿಸ್ಟರ್, ಬೈಕ್ ಸೈಲೆನ್ಸರ್ ತಾಗಿ ಸುಟ್ಟರೆ ಏನು ಮಾಡಬೇಕು?

ನಿವೃತ್ತ ಸಿಸ್ಟರ್:

ನಲ್ಲಿ ಕೆಳಗೆ 20 ನಿಮಿಷ ಹಿಡಿ. ಐಸ್ ಬೇಡ, ಪೇಸ್ಟ್ ಬೇಡ, ಇಂಕು ಬೇಡ. ಗಡಿಯಾರ ನೋಡಿಕೊಂಡು 20 ನಿಮಿಷ.

ಕಬ್ಬಿನಗದ್ದೆ:

ಮೂರು ವಾರ ಆಯಿತು, ಬಂದು ಹೇಳದಿದ್ದರೆ ತಪ್ಪಾಗುತ್ತೆ.

ಆ ಸ್ಲಾಟಿನವರು ಮತ್ತೆ ನಾಲ್ಕು ಸಲ ಫೋನ್ ಮಾಡಿದರು. ಕೊನೇ ಸಲ ತಮ್ಮನೇ ತೆಗೆದುಕೊಂಡು, "ನಿಮ್ಮ ಇಂಕಿನಲ್ಲಿ ಫೈಬ್ರೋಬ್ಲಾಸ್ಟ್ ಇದೆಯಾ, ಯಾರದು?" ಅಂತ ಕೇಳಿದ. ಕಟ್ ಮಾಡಿದರು. ಆಮೇಲೆ ಫೋನ್ ಬಂದಿಲ್ಲ.

ಸರ್ಜನ್ ಹತ್ತಿರ ಚೀಟಿಯಲ್ಲಿ ಪ್ರಶ್ನೆ ಬರೆದುಕೊಂಡು ಹೋಗಿದ್ದೆವು. ದಪ್ಪ ಚರ್ಮದ ಬಗ್ಗೆ ಕೇಳಿದಾಗ ಅವರು ಕನ್ನಡಕ ತೆಗೆದು ಇವನನ್ನು ಒಂದು ಸಲ ನೋಡಿದರು. ಈ ಸಲ ತೊಡೆ ಬೇಡವಂತೆ. ಕಿಬ್ಬೊಟ್ಟೆಯ ಮಡಿಕೆಯಿಂದ ಪೂರ್ತಿ ದಪ್ಪದ ಚರ್ಮ ಒಂದು ಪಟ್ಟಿ ತೆಗೆದು, ಆ ಜಾಗವನ್ನು ಹೊಲಿದುಬಿಡುತ್ತಾರಂತೆ. ತೊಡೆ ಥರ ಬಯಲಾಗಿ ಉರಿಯುವ ಗಾಯ ಇರುವುದಿಲ್ಲ, ಗೆರೆಯಷ್ಟೇ ಉಳಿಯುತ್ತೆ ಅಂದರು. ಎಲ್ಲ ಕಡೆಗೂ ಸಾಲುವಷ್ಟು ಅಲ್ಲಿ ಸಿಗುವುದಿಲ್ಲ, ಮೊಣಕೈ ಮಡಿಕೆಗೆ ಸಾಕು ಅಂದರು. ಡ್ರೆಸ್ಸಿಂಗ್ ಯಾರು ಬಿಚ್ಚಬೇಕು ಅನ್ನುವುದನ್ನೂ ಬರೆಸಿಕೊಂಡೆ ಸಿಸ್ಟರ್. "ನಾವೇ" ಅಂತ ಬರೆದು ಸಹಿ ಹಾಕಿದ್ದಾರೆ.

ತಮ್ಮ ಹೂಂ ಅಂದಿದ್ದಾನೆ. ಶ್ರಾವಣ ಕಳೆದ ಮೇಲೆ ತಾರೀಖು. ಅಲ್ಲಿಯವರೆಗೆ ಗವಸು ಹಾಕುತ್ತಿದ್ದಾನೆ, ಬೈದುಕೊಂಡೇ ಹಾಕುತ್ತಾನೆ. ರಾತ್ರಿ ಅಮ್ಮ ಎಣ್ಣೆ ತಿಕ್ಕುತ್ತಾರೆ.

ಆಲೆಮನೆ ಬಾಗಿಲ ಚೌಕಟ್ಟಿನಲ್ಲಿ ಗೀಟು ಹಾಕಿದ್ದೇವೆ. ಮೊದಲ ದಿನ ಎಡಗೈಗೂ ಬಲಗೈಗೂ ಐದು ಬೆರಳು ಅಂತರ ಇತ್ತು. ಹೋದ ಭಾನುವಾರವೂ ಐದೇ. ಮೇಲೆ ಹೋಗಿಲ್ಲ.